ಗಾಯಗಳ ಸಮೇತ ಎದ್ದು ಬಂದವರು

ಶುಭ ಶುಕ್ರವಾರವನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ತಪ್ಪು ಮಾಡದವನೊಬ್ಬನನ್ನು ದೇವಾಲಯದ ಹಿರಿಯರೂ ಆಳುವ ದೊರೆಗಳೂ ಕೈಜೋಡಿಸಿ ಕೊಂದರು ಅಂದರೆ ಯಾವ ಮತದವರಿಗಾದರೂ ಅರ್ಥವಾಗುತ್ತದೆ; ಅಂಥದ್ದನ್ನು ಕಾಣದ ಊರಿಲ್ಲ. ಕನ್ನಡದ ಕವಿಗಳೂ ಶಿಲುಬೆಯ ಹತ್ತಿರ ಸಲೀಸಾಗಿ ಹೋಗಿದ್ದಾರೆ. ಗೋವಿಂದ ಪೈಗಳ 'ಗೊಲ್ಗೊಥಾ' ಯೇಸುವಿನ ಕೊನೆಯ ದಿನದ ಕಾವ್ಯ. ಕಷ್ಟ ಇರುವುದು, ಸತ್ತ ಯೇಸು ಮೂರನೆಯ ದಿನ ಎದ್ದು ಬಂದರು ಎನ್ನುವ ಈಸ್ಟರ್ ಭಾನುವಾರದ್ದು. ಈಸ್ಟರ್ ಕಳೆದ ಸೋಮವಾರ ಆಫೀಸಿನಲ್ಲಿ ಕೇಕ್ ಹಂಚುವಾಗ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಪುನರುತ್ಥಾನ ಅಂದ್ರೆ ಪುನರ್ಜನ್ಮದ ಥರಾನಾ?" ಅಲ್ಲ ಅಂದರೆ, "ಹಾಗಾದ್ರೆ ಆತ್ಮ ಸ್ವರ್ಗಕ್ಕೆ ಹೋಗೋದಾ?" ಅದೂ ಅಲ್ಲ ಅಂದಾಗ "ಮತ್ತೇನ್ರೀ?" ಅನ್ನುತ್ತಾರೆ. ಆ "ಮತ್ತೇನ್ರೀ"ಗೆ ಉತ್ತರ ಕಾಫಿ ಲೋಟ ಖಾಲಿಯಾಗುವುದರೊಳಗೆ ಮುಗಿಯುವಂಥದ್ದಲ್ಲ.

ಕೇಳಿದವರನ್ನು ಏನೂ ಅನ್ನಲಾರೆ. ನಮ್ಮ ಕ್ರೈಸ್ತರ ಸಾವಿನ ಮನೆಗೇ ಹೋಗಿ ಕೂತು ಕೇಳಿ. "ಜೀವ ಗೂಡು ಬಿಟ್ಟು ಹಾರಿತು." "ಈ ಮೈಯಲ್ಲೇನಿದೆ, ಮಣ್ಣು." ಹತ್ತು ನಿಮಿಷ ಬಿಟ್ಟು ಅದೇ ಜನ ಶವಪೆಟ್ಟಿಗೆಯ ಸುತ್ತ ಕೂತು, ಮಣಿ ಎಣಿಸುತ್ತಾ ಹೇಳುವ ಪ್ರಾರ್ಥನೆಯಾದ ಜಪಸರ ಶುರುಮಾಡುತ್ತಾರೆ. ಜಪಸರದ ಮೊದಲಿಗೆ ವಿಶ್ವಾಸಪ್ರಮಾಣ. ಅದರ ಕೊನೆಗೆ, "ಶರೀರದ ಪುನರುತ್ಥಾನವನ್ನು ವಿಶ್ವಾಸಿಸುತ್ತೇನೆ." ಗೂಡಲ್ಲ, ಮಣ್ಣಲ್ಲ, ಶರೀರ. ಬಾಯಿಪಾಠವಾದ ಮಾತಿನ ಗತಿಯೇ ಇದು. ಹೇಳುವವರ ಕಿವಿಗೇ ಅದು ಬೀಳುವುದಿಲ್ಲ.

ಆತ್ಮಕ್ಕೆ ಸಾವಿಲ್ಲ, ಮೈ ಮಾತ್ರ ಹಳೆಯ ಬಟ್ಟೆಯ ಹಾಗೆ ಕಳಚಿ ಬೀಳುತ್ತದೆ ಅನ್ನುವುದು ಗೀತೆಯ ಮಾತು. ಎಷ್ಟೋ ಸಾವಿನ ಮನೆಗಳಿಗೆ ಸಮಾಧಾನ ಕೊಟ್ಟ ದೊಡ್ಡ ಮಾತು. ಅಥೆನ್ಸಿನಲ್ಲಿ ಸಾಕ್ರಟೀಸನೂ ವಿಷದ ಬಟ್ಟಲು ಎತ್ತುವ ಮುಂಚೆ ಹೆಚ್ಚುಕಡಿಮೆ ಆ ದಾರಿಯಲ್ಲೇ ಮಾತಾಡಿ, ನೆಮ್ಮದಿಯಾಗಿ ಸತ್ತನಂತೆ. ಬೈಬಲ್ ಹೇಳುವುದು ಬೇರೆ. ಅದು ಇಷ್ಟು ನಯವಾದದ್ದಲ್ಲ, ನೆಮ್ಮದಿಯದ್ದೂ ಅಲ್ಲ. ಅದು ಎಲ್ಲಿಂದ ಹುಟ್ಟಿತು ಅನ್ನುವುದನ್ನು ನೋಡಿದರೆ ಯಾಕೆ ಅಂತ ಗೊತ್ತಾಗುತ್ತದೆ.

ಬೈಬಲಿನ ಮೊದಲ ಭಾಗವಾದ ಹಳೆಯ ಒಡಂಬಡಿಕೆಯ ಬಹುಪಾಲಿನಲ್ಲಿ ಸಾವಿನಾಚೆಗೆ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಸತ್ತವರೆಲ್ಲ ಪಾತಾಳಕ್ಕೆ ಇಳಿಯುತ್ತಾರೆ. ಒಳ್ಳೆಯವರು ಕೆಟ್ಟವರೆನ್ನದೆ ಎಲ್ಲರೂ ಒಂದೇ ಕತ್ತಲಲ್ಲಿ. ಸತ್ತ ಮೇಲೆ ನಿನ್ನನ್ನು ನೆನೆಯುವವರಿಲ್ಲ, ಪಾತಾಳದಲ್ಲಿ ನಿನ್ನನ್ನು ಹೊಗಳುವವರು ಯಾರು ಎಂದು ಆರನೆಯ ಕೀರ್ತನೆ ದೇವರನ್ನೇ ಕೇಳುತ್ತದೆ, ಹೊಗಳಿಕೆ ಬೇಕಿದ್ದರೆ ನನ್ನನ್ನು ಉಳಿಸಿಕೋ ಎನ್ನುವ ಧಾಟಿಯಲ್ಲಿ. ಆ ಜನ ದೇವರಲ್ಲಿ ಬೇಡಿದ್ದು ಆಯಸ್ಸು, ಮಕ್ಕಳು, ಮಳೆ, ಪಿತೃಗಳ ಪಕ್ಕದಲ್ಲಿ ಒಂದು ಗುಂಡಿ. ಒಣಮೂಳೆಗಳು ಕಟಕಟ ಸದ್ದು ಮಾಡುತ್ತಾ ಕೂಡಿಕೊಂಡು ಎದ್ದು ನಿಲ್ಲುವ ಪ್ರವಾದಿ ಯೆಹೆಜ್ಕೇಲನ ದರ್ಶನ ಕೂಡ ಸತ್ತ ವ್ಯಕ್ತಿಗಳ ಬಗ್ಗೆ ಅಲ್ಲ. ಬಾಬಿಲೋನಿಗೆ ಗಡೀಪಾರಾಗಿ "ನಮ್ಮ ಮೂಳೆ ಒಣಗಿಹೋಯಿತು, ನಮಗಿನ್ನು ಆಸೆ ಇಲ್ಲ" ಎಂದು ಕೂತಿದ್ದ ಒಂದು ಜನಾಂಗಕ್ಕೆ, ನೀವು ಊರಿಗೆ ಮರಳುತ್ತೀರಿ ಎಂದು ಹೇಳಿದ ಮಾತು ಅದು. ಅಲ್ಲೇ ಬರೆದಿದೆ, ಈ ಮೂಳೆಗಳು ಅಂದರೆ ಇಸ್ರಯೇಲಿನ ಮನೆತನ ಎಂದು.

ಕಟ್ಟಳೆ ಪಾಲಿಸಿದರೆ ಬಾಳುತ್ತೀರಿ, ಮೀರಿದರೆ ಅಳಿಯುತ್ತೀರಿ. ಒಪ್ಪಂದ ಅಷ್ಟೇ. ಕ್ರಿ.ಪೂ. 167ರ ಸುಮಾರಿಗೆ ಈ ಲೆಕ್ಕ ತಲೆಕೆಳಗಾಯಿತು. ಸಿರಿಯಾದಿಂದ ಆಳುತ್ತಿದ್ದ ಗ್ರೀಕ್ ದೊರೆ ನಾಲ್ಕನೆಯ ಅಂತಿಯೋಕ ಯೆರೂಸಲೇಮಿನ ದೇವಾಲಯವನ್ನು ಮೈಲಿಗೆ ಮಾಡಿದ. ಸುನ್ನತಿ ಮಾಡಿಸುವಂತಿಲ್ಲ, ಸಬ್ಬತ್ ಎಂಬ ವಾರದ ವಿಶ್ರಾಂತಿದಿನ ಆಚರಿಸುವಂತಿಲ್ಲ ಎಂದ. ಮೀರಿದವರು ಉಳಿದರು. ಪಾಲಿಸಿದವರು ಪಾಲಿಸಿದ್ದಕ್ಕೇ ಸತ್ತರು. ಹಾಗಾದರೆ ದೇವರು ಕೊಟ್ಟ ಮಾತು? ದಾನಿಯೇಲನ ಗ್ರಂಥದ 12ನೇ ಅಧ್ಯಾಯ ಈ ಹೊತ್ತಿನದ್ದು ಎನ್ನುತ್ತಾರೆ ಬಹುತೇಕ ವಿದ್ವಾಂಸರು. ಮಣ್ಣಿನ ಧೂಳಿನಲ್ಲಿ ಮಲಗಿದವರಲ್ಲಿ ಅನೇಕರು ಎಚ್ಚರಗೊಳ್ಳುತ್ತಾರೆ, ಕೆಲವರು ನಿತ್ಯ ಬಾಳಿಗೆ, ಕೆಲವರು ನಿತ್ಯ ಅವಮಾನಕ್ಕೆ ಎಂಬ ಮಾತು ಅಲ್ಲಿದೆ. ವೈಯಕ್ತಿಕ ಪುನರುತ್ಥಾನದ ಮಾತು ಹಳೆಯ ಒಡಂಬಡಿಕೆಯಲ್ಲಿ ಇಷ್ಟು ಖಡಾಖಂಡಿತವಾಗಿ ಇನ್ನೆಲ್ಲೂ ಬರುವುದಿಲ್ಲ.

ಆ ಕಾಲದ್ದೇ ಕಥೆ ಮಕ್ಕಬಿಯರ ಎರಡನೆಯ ಗ್ರಂಥದ ಏಳನೆಯ ಅಧ್ಯಾಯದಲ್ಲಿದೆ. ಕಥೋಲಿಕರ ಬೈಬಲಿನಲ್ಲಿ ಸಿಗುತ್ತದೆ, ಪ್ರಾಟೆಸ್ಟೆಂಟರದ್ದರಲ್ಲಿ ಇರುವುದಿಲ್ಲ. ಒಬ್ಬ ತಾಯಿ, ಏಳು ಗಂಡುಮಕ್ಕಳು. ಹಂದಿಮಾಂಸ ತಿನ್ನಿ, ಬಿಟ್ಟುಬಿಡುತ್ತೇವೆ ಎನ್ನುತ್ತಾನೆ ದೊರೆ. ಒಬ್ಬೊಬ್ಬನನ್ನೇ ತಾಯಿಯ ಕಣ್ಣೆದುರು ಚಿತ್ರಹಿಂಸೆ ಮಾಡಿ ಕೊಲ್ಲುತ್ತಾರೆ. ಮೂರನೆಯವನ ಸರದಿ ಬಂದಾಗ ಅವನು ಅವರು ಕೇಳಿದ ಕೂಡಲೇ ನಾಲಿಗೆ ಹೊರಚಾಚುತ್ತಾನೆ, ಕೈಗಳನ್ನು ಮುಂದೆ ನೀಡುತ್ತಾನೆ. ಇವನ್ನು ಕೊಟ್ಟಿದ್ದು ದೇವರು, ಇವು ಮತ್ತೆ ನನಗೆ ಸಿಗುವುದೂ ಆತನಿಂದಲೇ ಎನ್ನುತ್ತಾನೆ. ಗಮನಿಸಬೇಕು, ಆ ಹುಡುಗ ಆತ್ಮದ ಸುದ್ದಿಯನ್ನೇ ಎತ್ತುವುದಿಲ್ಲ. ಅವನಿಗೆ ಬೇಕಿರುವುದು ಈ ಕೈ, ಈ ನಾಲಿಗೆ. ಕಿತ್ತುಕೊಂಡದ್ದು ವಾಪಸ್ ಬರಬೇಕು. ತಾಯಿಯೂ ಹಾಗೆಯೇ ಮಾತಾಡುತ್ತಾಳೆ: ನನ್ನ ಹೊಟ್ಟೆಯಲ್ಲಿ ನೀವು ಹೇಗೆ ಮೂಡಿದಿರೋ ನನಗೆ ಗೊತ್ತಿಲ್ಲ, ಉಸಿರು ಕೊಟ್ಟವಳು ನಾನಲ್ಲ, ಅಂಗಾಂಗ ಜೋಡಿಸಿದವಳು ನಾನಲ್ಲ, ಜೋಡಿಸಿದವನು ಮತ್ತೆ ಕೊಡುತ್ತಾನೆ. ಬಸಿರಿನ ಅನುಭವದಿಂದ ಪುನರುತ್ಥಾನಕ್ಕೆ ತರ್ಕ ಕಟ್ಟಿದವಳು ಅವಳು. ಯಾವ ದೇವಶಾಸ್ತ್ರಿಯೂ ಅದಕ್ಕಿಂತ ಚೆನ್ನಾಗಿ ಕಟ್ಟಿದ್ದನ್ನು ನಾನು ಓದಿಲ್ಲ.

ನನ್ನ ಮಟ್ಟಿಗೆ "ಮತ್ತೇನ್ರೀ"ಗೆ ಉತ್ತರ ಇಲ್ಲಿದೆ. ಸಾಯಲು ಮನಸ್ಸಿಲ್ಲದವರು ಕಟ್ಟಿಕೊಂಡ ಆಸೆಯಲ್ಲ ಪುನರುತ್ಥಾನ. ಕೊಲೆಯಾದವರ ಪರವಾಗಿ ದೇವರ ಮುಂದೆ ಇಟ್ಟ ತಕರಾರು ಅದು. ಕೊಂದವನು ಹಾಸಿಗೆಯಲ್ಲಿ ಸುಖವಾಗಿ ಸತ್ತು, ಕೊಲೆಯಾದವನ ಕೈಯೂ ನಾಲಿಗೆಯೂ ಕಸದಲ್ಲಿ ಬಿದ್ದು ಕಥೆ ಮುಗಿದರೆ, ಆ ಕಥೆಗೆ ಒಬ್ಬ ದೇವರಿದ್ದಾನೆ ಎಂದು ಯಾವ ಮುಖದಿಂದ ಹೇಳುವುದು? ಆತ್ಮ ಅಮರ ಎಂದರೆ ಈ ಪ್ರಶ್ನೆ ಬಗೆಹರಿಯುವುದಿಲ್ಲ. ಚಿತ್ರಹಿಂಸೆ ಆದದ್ದು ಆತ್ಮಕ್ಕಲ್ಲ.

ಯೇಸುವಿನ ಕಾಲದಲ್ಲಿ ಇದನ್ನು ಒಪ್ಪದವರು ಸದ್ದುಕಾಯರು. ದೇವಾಲಯದ ಅಧಿಕಾರ ಕೈಯಲ್ಲಿದ್ದ ಪುರೋಹಿತ ಮನೆತನಗಳ ಸುತ್ತಲಿನ ಜನ. ಅವರ ಮಾತಿಗೆ ತಲೆದೂಗುತ್ತಿದ್ದವರು ಸಿರಿವಂತರಷ್ಟೇ, ಜನಸಾಮಾನ್ಯರಲ್ಲ ಎಂದು ಆ ಶತಮಾನದ ಯೆಹೂದ್ಯ ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ಆಶ್ಚರ್ಯವೇನಿಲ್ಲ. ಈ ಲೋಕದ ಲೆಕ್ಕ ಸರಿಯಾಗಿಯೇ ಇದೆ ಅನ್ನಿಸಿದವರಿಗೆ ಇನ್ನೊಂದು ವಿಚಾರಣೆ ಯಾಕೆ ಬೇಕು? ಅವರು ಯೇಸುವಿನ ಹತ್ತಿರ ಬಂದು ಒಂದು ಒಗಟು ಹಾಕುತ್ತಾರೆ: ಏಳು ಮಂದಿ ಅಣ್ಣತಮ್ಮಂದಿರು, ಒಬ್ಬನಾದ ಮೇಲೊಬ್ಬ ಒಬ್ಬಳನ್ನೇ ಮದುವೆಯಾಗಿ ಸತ್ತರು, ಪುನರುತ್ಥಾನದಲ್ಲಿ ಅವಳು ಯಾರ ಹೆಂಡತಿ? ಏಳು ಜನ ಅಣ್ಣತಮ್ಮಂದಿರು ಅಂದಕೂಡಲೇ ಆ ಕಾಲದವರಿಗೆ ಅಂತಿಯೋಕ ಕೊಲ್ಲಿಸಿದ ಏಳು ಮಂದಿ ನೆನಪಾಗದೆ ಇರುತ್ತಿದ್ದರೇ? ಹುತಾತ್ಮರ ಕಥೆಯನ್ನು ಗೇಲಿಗೆ ತಿರುಗಿಸಿದ ಹಾಗೆ ನನಗಂತೂ ಕೇಳಿಸುತ್ತದೆ. ಯೇಸುವಿನ ಉತ್ತರದಲ್ಲಿ ಗೇಲಿಯಿಲ್ಲ. ದೇವರು ಸತ್ತವರ ದೇವರಲ್ಲ, ಬದುಕಿರುವವರ ದೇವರು, ನೀವು ತುಂಬಾ ತಪ್ಪು ತಿಳಿದಿದ್ದೀರಿ ಎಂದುಬಿಡುತ್ತಾರೆ.

ಆಮೇಲೆ ಅವರೇ ಕೊಲೆಯಾದರು. ರೋಮನ್ನರ ಶಿಲುಬೆ ಗುಲಾಮರಿಗೆ, ದಂಗೆಕೋರರಿಗೆ ಮೀಸಲಾದ ಸಾವು. ನೋವು ಮಾತ್ರ ಅದರ ಉದ್ದೇಶವಲ್ಲ, ಹೆಸರಿಲ್ಲದಂತೆ ಮಾಡುವುದೂ ಹೌದು. ಮರಕ್ಕೆ ತೂಗುಹಾಕಿದವನು ದೇವರ ಶಾಪಕ್ಕೆ ಗುರಿಯಾದವನು ಎಂದು ಹಳೆಯ ಒಡಂಬಡಿಕೆಯ ಧರ್ಮೋಪದೇಶಕಾಂಡ ಬೇರೆ ಹೇಳುತ್ತದೆ. ಅಂದರೆ ರಾಜ್ಯವೂ ಶಾಸ್ತ್ರವೂ ಸೇರಿ ಕೊಟ್ಟ ತೀರ್ಪು. ಅದಕ್ಕೇ ಮೊದಲ ಶಿಷ್ಯರ ಕಥೆ ಹೇಳುವ ಪ್ರೇಷಿತರ ಕಾರ್ಯಕಲಾಪಗಳಲ್ಲಿ ಯೇಸುವಿನ ಶಿಷ್ಯ ಪೇತ್ರ ಜನರ ಮುಂದೆ ಮೊದಲ ಸಲ ಬಾಯಿ ಬಿಟ್ಟಾಗ ಮರಣಾನಂತರ ಜೀವನದ ಉಪದೇಶ ಮಾಡುವುದಿಲ್ಲ. ನೀವು ಅವರನ್ನು ಕೊಂದಿರಿ, ದೇವರು ಅವರನ್ನು ಎಬ್ಬಿಸಿದರು ಎನ್ನುತ್ತಾನೆ. ಮತ್ತೆ ಮತ್ತೆ ಅದನ್ನೇ. ಕೆಳಗಿನ ಕೋರ್ಟಿನ ತೀರ್ಪನ್ನು ಮೇಲಿನ ಕೋರ್ಟು ರದ್ದು ಮಾಡಿದೆ ಎನ್ನುವ ಘೋಷಣೆ ಅದು. ಅಧಿಕಾರಿಗಳು ಅವನನ್ನು ಹಿಡಿದು ಒಳಗೆ ಹಾಕಿದ್ದರಲ್ಲಿ ಸೋಜಿಗವೇನೂ ಇಲ್ಲ. ಸತ್ತ ಮೇಲೆ ಆತ್ಮ ಬದುಕುತ್ತದೆ ಎಂದು ಬೀದಿಯಲ್ಲಿ ಸಾರಿದವರನ್ನು ಯಾವ ಸರ್ಕಾರವೂ ಬಂಧಿಸುವುದಿಲ್ಲ.

ಯೇಸು ಸಾವಿನಿಂದ ಎಬ್ಬಿಸಿದ ಲಾಸರನ ಕಥೆಯನ್ನು ಇದರ ಜೊತೆ ಕಲೆಸಬಾರದು. ನಾಲ್ಕು ದಿನವಾದ ಹೆಣ, ವಾಸನೆ ಬರುತ್ತಿರುತ್ತದೆ ಎಂದು ಅಕ್ಕ ಮಾರ್ಥಾಳೇ ಹಿಂಜರಿಯುತ್ತಾಳೆ. ಯೇಸು ಅಳುತ್ತಾರೆ, ಕೂಗುತ್ತಾರೆ, ಅವನು ಸುತ್ತಿದ ಬಟ್ಟೆಯಲ್ಲೇ ಹೊರಬರುತ್ತಾನೆ. ಆದರೆ ಅವನು ಬಂದದ್ದು ಹಿಂದಿನ ಬಾಳಿಗೆ, ಇನ್ನೊಮ್ಮೆ ಸಾಯಬೇಕಾದ ಬಾಳಿಗೆ. ಯೇಸುವಿನ ಬಾಳಿನ ಕಥೆ ಹೇಳುವ ನಾಲ್ಕು ಪುಸ್ತಕಗಳಲ್ಲಿ ಒಂದಾದ ಯೊವಾನ್ನರ ಶುಭಸಂದೇಶದ 12ನೇ ಅಧ್ಯಾಯದಲ್ಲಿ ಅಷ್ಟಾಗಿ ಯಾರೂ ಬೋಧನೆಗೆ ಎತ್ತಿಕೊಳ್ಳದ ಒಂದು ಸಾಲಿದೆ: ಮುಖ್ಯ ಯಾಜಕರು ಲಾಸರನನ್ನೂ ಕೊಲ್ಲಬೇಕೆಂದು ಮಾತಾಡಿಕೊಂಡರು. ಸತ್ತು ಬದುಕಿದವನಿಗೂ ಕೊಲೆಯ ಭಯ ತಪ್ಪಲಿಲ್ಲ. ಯೇಸು ಎದ್ದದ್ದು ಹಾಗಲ್ಲ ಎನ್ನುತ್ತದೆ ಹೊಸ ಒಡಂಬಡಿಕೆ. ಸಾವು ಇನ್ನು ಅವರ ಮೇಲೆ ಕೈ ಮಾಡಲಾರದು ಎಂದು ಆ ಕಾಲದ ಬೋಧಕ ಪೌಲ ರೋಮಿನವರಿಗೆ ಬರೆಯುತ್ತಾನೆ.

ಆ ಎದ್ದ ಗಳಿಗೆಯನ್ನು ನಾಲ್ಕು ಶುಭಸಂದೇಶಗಳಲ್ಲಿ ಒಂದೂ ವರ್ಣಿಸುವುದಿಲ್ಲ. ಬೈಬಲಿಗೆ ಸೇರದ 'ಪೇತ್ರನ ಶುಭಸಂದೇಶ'ದಲ್ಲಿ ಮುಗಿಲು ಮುಟ್ಟುವ ಆಕಾರಗಳು ಸಮಾಧಿಯಿಂದ ಹೊರಬರುತ್ತವೆ, ಹಿಂದೆ ಶಿಲುಬೆ ತಾನೇ ನಡೆದು ಬಂದು ಮಾತಾಡುತ್ತದೆ. ಅದನ್ನು ಓದಿದ ಮೇಲೆ ಮಾರ್ಕನ ಸಂಯಮಕ್ಕೆ ಬೆಲೆ ಗೊತ್ತಾಗುತ್ತದೆ. ನಾಲ್ಕನೆಯ ಶತಮಾನದ ಎರಡು ದೊಡ್ಡ ಹಸ್ತಪ್ರತಿಗಳಾದ ಸಿನಾಯ್ ಪ್ರತಿ ಮತ್ತು ವ್ಯಾಟಿಕನ್ ಪ್ರತಿಗಳಲ್ಲಿ ಮಾರ್ಕನ ಪುಸ್ತಕ 16ನೇ ಅಧ್ಯಾಯದ ಎಂಟನೆಯ ವಚನಕ್ಕೆ ನಿಂತುಹೋಗುತ್ತದೆ: ಹೆಂಗಸರು ಸಮಾಧಿಯಿಂದ ಓಡಿದರು, ಯಾರಿಗೂ ಏನೂ ಹೇಳಲಿಲ್ಲ, ಹೆದರಿದ್ದರು. ಮುಂದಿನ ವಚನಗಳು ಆಮೇಲೆ ಯಾರೋ ಸೇರಿಸಿದ್ದು. ಸೇರಿಸಿದವರ ಸಂಕಟ ಅರ್ಥವಾಗುತ್ತದೆ.

ಹೆಂಗಸರ ವಿಷಯ ಬಂತು, ಅದನ್ನೂ ಹೇಳಿಬಿಡುತ್ತೇನೆ. ಹೆಂಗಸರ ಸಾಕ್ಷ್ಯ ಒಪ್ಪಬಾರದು ಎಂದು ಮೇಲೆ ಹೇಳಿದ ಜೋಸೆಫಸನೇ ಒಂದು ಕಡೆ ಬರೆಯುತ್ತಾನೆ. ಮಗ್ದಲದ ಮರಿಯ ಮತ್ತವಳ ಜೊತೆಯವರು ಬಂದು ಸುದ್ದಿ ಹೇಳಿದಾಗ ಪ್ರೇಷಿತರಿಗೆ ಅದು ಹುಚ್ಚುಮಾತಿನ ಹಾಗೆ ಕಂಡಿತು ಎಂದು ಲೂಕ ಮುಚ್ಚುಮರೆಯಿಲ್ಲದೆ ಹೇಳುತ್ತಾನೆ. ಇನ್ನು ಪೌಲ ಕ್ರಿ.ಶ. 50ರ ದಶಕದಲ್ಲಿ ಕೊರಿಂಥದವರಿಗೆ ಬರೆದ ಪತ್ರದಲ್ಲಿ, ತನಗಿಂತ ಹಿಂದಿನವರಿಂದ ಬಂದದ್ದು ಎಂದು ಒಂದು ಸಾಕ್ಷಿಪಟ್ಟಿ ಕೊಡುತ್ತಾನೆ: ಕೇಫ (ಅಂದರೆ ಪೇತ್ರ), ಹನ್ನೆರಡು ಮಂದಿ, ಒಮ್ಮೆಗೇ ಐನೂರಕ್ಕೂ ಹೆಚ್ಚು ಸಹೋದರರು, ಯಕೋಬ. ಹೆಂಗಸರ ಹೆಸರೇ ಇಲ್ಲ. ಪೌಲನ ಪತ್ರದ ನಂತರ ಬರೆಯಲಾದ ನಾಲ್ಕೂ ಶುಭಸಂದೇಶಗಳಲ್ಲಿ ಮಾತ್ರ ಮೊದಲು ಸಮಾಧಿಗೆ ಹೋದವರು ಅವರೇ. ಪಟ್ಟಿ ಬರೆಯುವಾಗ ಬಿಟ್ಟವರನ್ನು ಕಥೆ ಹೇಳುವಾಗ ಬಿಡಲಾಗಲಿಲ್ಲ.

ಎದ್ದು ಬಂದ ಯೇಸುವಿನ ಮೈ ಎಂಥದ್ದು ಎನ್ನುವುದರಲ್ಲಿ ಈ ಕಥೆಗಳು ಒಂದಕ್ಕೊಂದು ಹೊಂದುವುದೇ ಇಲ್ಲ. ಮರಿಯಳಿಗೆ ತೋಟದ ಮಾಲಿಯ ಹಾಗೆ ಕಾಣುತ್ತಾರೆ. ಹೆಸರು ಹಿಡಿದು ಕರೆದ ಮೇಲೇ ಗುರುತು ಸಿಗುವುದು. ಎಮ್ಮಾವುಸಿನ ದಾರಿಯಲ್ಲಿ ಇಬ್ಬರ ಜೊತೆ ಮೈಲುಗಟ್ಟಲೆ ನಡೆದರೂ ಅವರಿಗೆ ಗೊತ್ತಾಗುವುದಿಲ್ಲ, ಊಟಕ್ಕೆ ಕೂತು ರೊಟ್ಟಿ ಮುರಿದಾಗ ಗೊತ್ತಾಗುತ್ತದೆ, ಗೊತ್ತಾದ ತಕ್ಷಣ ಕಣ್ಮರೆ. ಬಾಗಿಲು ಹಾಕಿದ ಕೋಣೆಯೊಳಗೆ ಬಂದು ನಿಲ್ಲುತ್ತಾರೆ. ಅದೇ ಮೈ ಸುಟ್ಟ ಮೀನನ್ನು ತಿನ್ನುತ್ತದೆ. ಭೂತವೂ ಅಲ್ಲ, ಮೊದಲಿನ ಹಾಗೂ ಅಲ್ಲ. ಒಂದೇ ಒಂದು ವಿಷಯದಲ್ಲಿ ಯೊವಾನ್ನ ಪಟ್ಟು ಬಿಡುವುದಿಲ್ಲ: ಮೊಳೆ ಹೊಡೆದ ಕೈ, ಈಟಿ ತಿವಿದ ಪಕ್ಕೆ. ಸಾವನ್ನೇ ಗೆದ್ದ ಮೈಯಲ್ಲಿ ಗಾಯ ಮಾಯಬಾರದಿತ್ತೇ? ಮಾಯಲಿಲ್ಲ. ತೋಮ ಕೇಳಿದ್ದೂ ಅದನ್ನೇ. ಮುಖ ನೋಡಬೇಕು ಅನ್ನಲಿಲ್ಲ, ಗಾಯ ನೋಡಬೇಕು ಅಂದ. ಅವನು ಮುಟ್ಟಿದನೆಂದು ಶುಭಸಂದೇಶ ಹೇಳುವುದಿಲ್ಲ, ಬೆರಳನ್ನು ಗಾಯದೊಳಗೆ ತೂರಿಸಿದ್ದು ಕರವಾಜಿಯೋ ಎಂಬ ಚಿತ್ರಕಾರ. ಭಾರತಕ್ಕೆ ಬಂದನೆಂದು ಪರಂಪರೆ ಹೇಳುವ ಪ್ರೇಷಿತನೂ ಈ ತೋಮನೇ, ಚೆನ್ನೈಯ ಸೇಂಟ್ ಥಾಮಸ್ ಮೌಂಟಿನವನು. ಅವನನ್ನು ಸಂದೇಹಗಾರ ಎಂದು ಕರೆಯುವುದು ನನಗೆ ಯಾವತ್ತೂ ಸರಿ ಕಂಡಿಲ್ಲ. ಗಾಯಗಳಿಲ್ಲದ ಯೇಸು ಬೇರೆ ಯಾರೋ ಆಗಿರುತ್ತಿದ್ದರು ಎನ್ನುವುದು ಅವನಿಗೆ ಉಳಿದ ಹತ್ತು ಜನಕ್ಕಿಂತ ಚೆನ್ನಾಗಿ ತಿಳಿದಿತ್ತು.

ಮೈಯ ಬಗ್ಗೆ ಇಷ್ಟು ಬರೆಯುವಾಗ ನಮ್ಮ ದೊಡ್ಡಪ್ಪನ ಮಣ್ಣಿನ ದಿನ ನೆನಪಾಗುತ್ತದೆ. ಬೆಂಗಳೂರಿನ ನಮ್ಮ ಸ್ಮಶಾನದಲ್ಲಿ ಹೊಸ ಜಾಗ ಇರಲಿಲ್ಲ, ಅಜ್ಜಿಯ ಗುಂಡಿಯನ್ನೇ ತೆರೆಯಬೇಕಾಯಿತು. ಗುಂಡಿ ತೋಡುವವರು ಮೂಳೆಗಳನ್ನು ಒಂದೊಂದಾಗಿ ಎತ್ತಿ ಬಿಳಿ ಬಟ್ಟೆಯ ಮೇಲೆ ಇಡುತ್ತಿದ್ದರು. ತೊಡೆಯ ಮೂಳೆಯ ಜೊತೆ ಒಂದು ಸ್ಟೀಲ್ ರಾಡ್ ಬಂತು, ಬಚ್ಚಲಲ್ಲಿ ಜಾರಿ ಬಿದ್ದಾಗ ಆಪರೇಷನ್ ಮಾಡಿ ಹಾಕಿದ್ದು. ಮೂಳೆ ಮಣ್ಣಿನ ಬಣ್ಣಕ್ಕೆ ತಿರುಗಿತ್ತು, ರಾಡಿಗೆ ತುಕ್ಕು ಕೂಡ ಹಿಡಿದಿರಲಿಲ್ಲ. ಅವರು ಅದನ್ನು ಕೈಯಲ್ಲಿ ಹಿಡಿದು, "ಇದೇನ್ ಮಾಡ್ಲಿ ಅಮ್ಮಾ?" ಎಂದು ಅತ್ತೆಯನ್ನು ಕೇಳಿದರು. ಅತ್ತೆ, "ಅವ್ವಂದೇ ತಾನೇ ಅದು. ಜೊತೆಗೇ ಇಡಪ್ಪಾ" ಅಂದರು. ಗಂಟು ಕಟ್ಟಿ ಗುಂಡಿಯ ಮೂಲೆಗೆ ಇಟ್ಟು, ಪಕ್ಕದಲ್ಲಿ ದೊಡ್ಡಪ್ಪನನ್ನು ಇಳಿಸಿದೆವು.

ಯೇಸುವಿನ ಕಾಲದ ಯೆರೂಸಲೇಮಿನವರೂ ಹೀಗೆ ಮಾಡುತ್ತಿದ್ದರು. ಗುಹೆಯಲ್ಲಿ ಮಲಗಿಸಿದ ಹೆಣ ಕರಗಿದ ಮೇಲೆ ಮೂಳೆ ಆಯ್ದು ಸಣ್ಣ ಕಲ್ಲಿನ ಪೆಟ್ಟಿಗೆಯಲ್ಲಿಟ್ಟು ಹೆಸರು ಕೆತ್ತುತ್ತಿದ್ದರು. 1968ರಲ್ಲಿ ಯೆರೂಸಲೇಮಿನ ಹೊರವಲಯದಲ್ಲಿ ಸಿಕ್ಕ ಅಂಥ ಒಂದು ಪೆಟ್ಟಿಗೆಯ ಮೇಲೆ ಯೆಹೋಹಾನಾನ್ ಎಂಬ ಹೆಸರಿತ್ತು, ಒಳಗೆ ಹಿಮ್ಮಡಿಯ ಮೂಳೆಯೊಂದರಲ್ಲಿ ಕಬ್ಬಿಣದ ಮೊಳೆ ಹಾಗೇ ಉಳಿದಿತ್ತು. ಶಿಲುಬೆಗೇರಿಸಿ ಕೊಂದವನ ಮೂಳೆ. ಮನೆಯವರು ಮೊಳೆ ಕೀಳಲಾಗದೆ ಅದರ ಸಮೇತ ಇಟ್ಟಿದ್ದಾರೆ.

ಹಾಗಾದರೆ ಎದ್ದು ಬರುವುದು ಯಾವ ಮೈ? ರಾಡಿನ ಸಮೇತವೇ? ಹಲ್ಲಿರದ ಮುದುಕಿಯೋ, ಮದುವೆಯ ಫೋಟೋದ ಹುಡುಗಿಯೋ? ಕೊರಿಂಥದವರು ಇದನ್ನೇ ಕೇಳಿದಾಗ ಪೌಲ ಮೊದಲು "ಮೂಢಾ" ಎಂದು ಬೈಯುತ್ತಾನೆ. ಆಮೇಲೆ ಬಿತ್ತಿದ ಕಾಳಿನ ಮಾತು ತೆಗೆಯುತ್ತಾನೆ: ನೀನು ಬಿತ್ತುವುದು ಬರಿಯ ಕಾಳು, ಬರುವುದು ಬೇರೆಯೇ ಮೈ. ನಾಶವಾಗುವಂಥದ್ದನ್ನು ಬಿತ್ತಿದರೆ ನಾಶವಾಗದ್ದು ಏಳುತ್ತದೆ. ರಾಗಿ ಹೊಲ ನೋಡಿದವರಿಗೆ ಇದು ತಕ್ಷಣ ಹಿಡಿಸುತ್ತದೆ, ಪೈರಿಗೂ ಕಾಳಿಗೂ ಚಹರೆಯಲ್ಲಿ ಏನೂ ಸಂಬಂಧವಿಲ್ಲ. ಆದರೂ ರಾಗಿ ಬಿತ್ತಿ ಭತ್ತ ಕೊಯ್ದವರಿಲ್ಲ. ಪೌಲ ಅಲ್ಲಿಗೇ ನಿಲ್ಲಿಸುತ್ತಾನೆ. ನಿಲ್ಲಿಸದವರೂ ಇದ್ದರು. ಐದನೆಯ ಶತಮಾನದಲ್ಲಿ ಸಂತ ಅಗಸ್ಟೀನರು ಕತ್ತರಿಸಿ ಎಸೆದ ಉಗುರು ಕೂದಲಿನ ಗತಿಯೇನು, ನರಭಕ್ಷಕ ತಿಂದ ಮಾಂಸ ಕೊನೆಗೆ ಯಾರ ಪಾಲಿಗೆ ಎಂದೆಲ್ಲ ಗಂಭೀರವಾಗಿ ಚರ್ಚಿಸಿದ್ದಾರೆ. ಓದುವಾಗ ನಗು ಬರುತ್ತದೆ. ಆದರೆ ಅದೇ ಪುಟಗಳ ಆಸುಪಾಸಿನಲ್ಲಿ ಅವರು ಇನ್ನೊಂದು ಮಾತು ಹೇಳುತ್ತಾರೆ. ಹುತಾತ್ಮರ ಮೈಯ ಮೇಲಿನ ಗಾಯದ ಗುರುತುಗಳು ಅಲ್ಲಿಯೂ ಕಾಣಬಹುದು, ಅವು ಅಲ್ಲಿ ಕುಂದಲ್ಲ, ಮರ್ಯಾದೆ ಎಂದು.

ಅಥೆನ್ಸಿನ ಅರೆಯೊಪಾಗದಲ್ಲಿ ಪೌಲ ಮಾತಾಡುವಾಗ ಸತ್ತವರ ಪುನರುತ್ಥಾನ ಎಂದಕೂಡಲೇ ಕೆಲವರು ನಕ್ಕರು. ನಗುವುದು ಸುಲಭದ ಪ್ರತಿಕ್ರಿಯೆ. 177ರಲ್ಲಿ ಈಗಿನ ಫ್ರಾನ್ಸಿನ ಲಿಯೋನ್ ನಗರದವರು ನಗಲಿಲ್ಲ, ಕೆಲಸಕ್ಕೆ ಇಳಿದರು. ಅಲ್ಲಿಯ ಕ್ರೈಸ್ತರು ಬರೆದ ಪತ್ರವನ್ನು ಯುಸೇಬಿಯಸ್ ತನ್ನ ಇತಿಹಾಸದಲ್ಲಿ ಉಳಿಸಿಟ್ಟಿದ್ದಾನೆ. ಬ್ಲಾಂದೀನ ಎಂಬ ದಾಸಿಯನ್ನು ಕಂಬಕ್ಕೆ ಕಟ್ಟಿ ಮೃಗಗಳಿಗೆ ಒಡ್ಡಿದರು, ಮೃಗ ಮುಟ್ಟಲಿಲ್ಲ. ಇನ್ನೊಂದು ದಿನ ಬಲೆಯಲ್ಲಿ ಸುತ್ತಿ ಗೂಳಿಯ ಮುಂದೆ ಎಸೆದರು. ಅವಳನ್ನೂ ಉಳಿದವರನ್ನೂ ಕೊಂದ ಮೇಲೆ ಹೆಣಗಳನ್ನು ಆರು ದಿನ ಬಯಲಲ್ಲಿ ಬಿಟ್ಟು, ಸುಟ್ಟು, ಬೂದಿಯನ್ನು ರೋನ್ ನದಿಗೆ ಗುಡಿಸಿ ಹಾಕಿದರು. ಇವರಿಗೆ ಪುನರುತ್ಥಾನದ ಆಸೆಯೇ ಇರಬಾರದು, ಈಗ ಏಳುತ್ತಾರೋ ನೋಡೋಣ ಎಂದು ಹೇಳಿಕೊಂಡೇ ಮಾಡಿದರಂತೆ. ದಾಸಿಯೊಬ್ಬಳ ಬೂದಿಗೆ ಇಷ್ಟು ಹೆದರಿಕೆ! ಪುನರುತ್ಥಾನ ಎಂದರೇನು ಎನ್ನುವುದನ್ನು ಅವರು ನಮ್ಮ ಸಾವಿನ ಮನೆಯವರಿಗಿಂತ ಚೆನ್ನಾಗಿ ಗ್ರಹಿಸಿದ್ದರು. ಮುಗಿದುಹೋದ ಕೇಸು ಮತ್ತೆ ತೆರೆಯಬಾರದು, ಅಷ್ಟೇ ಅವರಿಗೆ ಬೇಕಿದ್ದದ್ದು.

ಸುಡುವ ವಿಷಯ ಎತ್ತಿದ್ದರಿಂದ ಒಂದು ಮಾತು. ಕ್ರೈಸ್ತರು ಸುಡುವ ಹಾಗಿಲ್ಲವಲ್ಲ ಎಂದು ಈಗಲೂ ಕೇಳುವವರಿದ್ದಾರೆ. ಕಥೋಲಿಕ ಸಭೆ 1963ರಲ್ಲೇ ಆ ನಿಷೇಧವನ್ನು ತೆಗೆದಿದೆ. ಹೂಳುವುದು ಮೇಲು ಎನ್ನುತ್ತದೆ, ಸುಟ್ಟರೆ ಬೂದಿಯನ್ನು ನೀರಿಗೆ ಗಾಳಿಗೆ ತೂರದೆ ಪವಿತ್ರವಾದ ಒಂದು ಜಾಗದಲ್ಲಿಡಿ ಎಂದು 2016ರಲ್ಲಿ ಹೇಳಿತು. ಬೂದಿಯಿಂದ ಎಬ್ಬಿಸಲು ದೇವರಿಗೆ ಕಷ್ಟ ಎಂದಲ್ಲ, ಅದನ್ನು ರೋನ್ ನದಿ ಆಗಲೇ ಇತ್ಯರ್ಥ ಮಾಡಿದೆ. ಸತ್ತವರಿಗೆ ಹೆಸರೂ ವಿಳಾಸವೂ ಇರಲಿ ಎಂದು. ನವೆಂಬರ್ 2ರಂದು ಸುಣ್ಣ ಬಳಿದ ಸಮಾಧಿಗಳ ಮೇಲೆ ಸೇವಂತಿಗೆ ಹಾಕಿ ಮೇಣದಬತ್ತಿ ಹಚ್ಚುವಾಗ ನಾವು ಮಾಡುವುದೂ ಅದನ್ನೇ.

ಈಸ್ಟರ್ ಹಿಂದಿನ ರಾತ್ರಿಯ ಜಾಗರಣೆಯಲ್ಲಿ ಚರ್ಚಿನ ದೀಪಗಳನ್ನೆಲ್ಲ ಆರಿಸಿ ಹೊರಗೆ ಹೊಸ ಬೆಂಕಿ ಮಾಡುತ್ತಾರೆ. ಗುರುಗಳು ದೊಡ್ಡ ಮೇಣದಬತ್ತಿಯ ಮೇಲೆ ಶಿಲುಬೆ ಗೀರಿ, ಆ ವರ್ಷದ ನಾಲ್ಕು ಅಂಕಿ ಗೀರಿ, ಐದು ಧೂಪದ ಕಾಳುಗಳನ್ನು ಚುಚ್ಚುತ್ತಾರೆ. ಐದೂ ಐದು ಗಾಯಗಳು. ಹಬ್ಬದ ಬತ್ತಿ ಹಚ್ಚುವ ಮೊದಲೇ ಗಾಯ. ವರ್ಷದುದ್ದಕ್ಕೂ ಮಣ್ಣಿನ ಪೂಜೆಗಳಲ್ಲಿ ಶವಪೆಟ್ಟಿಗೆಯ ಪಕ್ಕ ಹಚ್ಚಿಡುವುದು ಇದೇ ಬತ್ತಿಯನ್ನು. ಒಮ್ಮೆ ಹತ್ತಿರ ಹೋಗಿ ನೋಡಿ, ಕಾಳುಗಳು ಕಾಣುತ್ತವೆ.

ಪಶ್ಚಿಮದ ಚಿತ್ರಕಾರರು ಪುನರುತ್ಥಾನ ಬರೆಯುವಾಗ ಸಾಮಾನ್ಯವಾಗಿ ಯೇಸು ಒಬ್ಬರೇ ಬಾವುಟ ಹಿಡಿದು ಸಮಾಧಿಯಿಂದ ಏಳುತ್ತಾರೆ. ಪೂರ್ವದ ಸಭೆಗಳ ಚಿತ್ರ ಬೇರೆ. ಇಸ್ತಾಂಬುಲಿನ ಖೋರಾ ಚರ್ಚಿನಲ್ಲಿ, ಈಗ ಅದು ಮಸೀದಿ, 14ನೇ ಶತಮಾನದ ಮೊದಲ ಭಾಗದ ಒಂದು ಭಿತ್ತಿಚಿತ್ರವಿದೆ. ನಾನು ಫೋಟೋದಲ್ಲಷ್ಟೇ ನೋಡಿದ್ದೇನೆ. ಯೇಸು ಕಾಲಗಲಿಸಿ ನಿಂತು ಒಂದು ಕೈಯಲ್ಲಿ ಆದಾಮನನ್ನು, ಇನ್ನೊಂದರಲ್ಲಿ ಹವ್ವಳನ್ನು ಸಮಾಧಿಯಿಂದ ಎಳೆಯುತ್ತಿದ್ದಾರೆ. ಕೈಗೆ ಕೈ ಕೊಟ್ಟಿಲ್ಲ, ಮಣಿಕಟ್ಟು ಹಿಡಿದು ಎಳೆಯುತ್ತಿದ್ದಾರೆ, ಮುಳುಗುವವರನ್ನು ಹಿಡಿಯುವ ಹಾಗೆ. ಕಾಲಡಿಯಲ್ಲಿ ಪಾತಾಳದ ಬಾಗಿಲು ಮುರಿದು ಬಿದ್ದಿದೆ, ಬೀಗ ಕೀಲಿಗಳು ಚೆಲ್ಲಾಪಿಲ್ಲಿ. ಹವ್ವಳ ಹಿಂದೆ ಕುರುಬರ ಕೋಲು ಹಿಡಿದು ಒಬ್ಬ ಯುವಕ ನಿಂತಿದ್ದಾನೆ. ಹೇಬೆಲ. ಬೈಬಲಿನಲ್ಲಿ ಕೊಲೆಯಾದ ಮೊದಲ ಮನುಷ್ಯ. ನಿನ್ನ ತಮ್ಮನ ರಕ್ತ ನೆಲದಿಂದ ನನ್ನನ್ನು ಕೂಗುತ್ತಿದೆ ಎಂದು ದೇವರು ಕೊಂದ ಅಣ್ಣನಾದ ಕಾಯಿನನಿಗೆ ಹೇಳಿದ್ದು ಇವನ ಬಗ್ಗೆ. ಸರದಿಯಲ್ಲಿ ಅವನು ಅಷ್ಟು ಮುಂದೆ ಇರುವುದು ಚಿತ್ರಕಾರ ಸುಮ್ಮನೆ ಮಾಡಿದ್ದಲ್ಲ ಅನ್ನಿಸುತ್ತದೆ.

ಆ ಚಿತ್ರದಲ್ಲಿ ನಾನು ಹುಡುಕುವುದು ಕಾಯಿನನನ್ನು. ಕೊಲೆಯಾದವರ ಪರವಾಗಿ ಹುಟ್ಟಿದ ನಂಬಿಕೆಯಲ್ಲಿ ಕೊಂದವರ ಪಾಡೇನು? ಮಕ್ಕಬಿಯರ ಗ್ರಂಥದ ನಾಲ್ಕನೆಯ ಹುಡುಗನಿಗೆ ಅನುಮಾನವಿಲ್ಲ. ದೊರೆಯ ಮುಖ ನೋಡಿ, ನಿನಗೆ ಬಾಳಿನ ಪುನರುತ್ಥಾನವಿಲ್ಲ ಎಂದು ಹೇಳಿ ಸಾಯುತ್ತಾನೆ. ಹೊಸ ಒಡಂಬಡಿಕೆಯಲ್ಲೂ ತೀರ್ಪಿನ ದಿನ ಇದೆ, ಅದನ್ನು ಯಾರೂ ಅಳಿಸಿಲ್ಲ. ಆದರೆ ಎದ್ದು ಬಂದ ಯೇಸು ಮಾತ್ರ ರೋಮನ್ ಅಧಿಪತಿ ಪಿಲಾತನ ಅರಮನೆಗೆ ಹೋಗುವುದಿಲ್ಲ, ಮಹಾಯಾಜಕ ಕಾಯಫನ ಮನೆ ಬಾಗಿಲು ತಟ್ಟುವುದಿಲ್ಲ. ಬಿಟ್ಟು ಓಡಿದವರ ಹತ್ತಿರ ಬಂದು ಮೊದಲು ಹೇಳುವ ಮಾತು "ನಿಮಗೆ ಶಾಂತಿ." ಯೊವಾನ್ನರ ಕೊನೆಯ ಅಧ್ಯಾಯದಲ್ಲಿ ಬೆಳಗಿನ ಜಾವ ಕೆರೆದಂಡೆಯಲ್ಲಿ ಇದ್ದಲ ಬೆಂಕಿ ಹಾಕಿ ಮೀನು ಸುಟ್ಟು, ಬನ್ನಿ ಊಟ ಮಾಡಿ ಎಂದು ಕರೆಯುತ್ತಾರೆ. ಆ ಶುಭಸಂದೇಶದಲ್ಲಿ ಇದ್ದಲ ಬೆಂಕಿ ಇನ್ನೊಂದೇ ಕಡೆ ಬರುವುದು, ಮಹಾಯಾಜಕನ ಅಂಗಳದಲ್ಲಿ. ತಾನು ಯೇಸುವಿನವನೇ ಅಲ್ಲ ಎಂದು ಮೂರು ಸಲ ಅಂದ ರಾತ್ರಿ ಪೇತ್ರ ಮೈ ಕಾಯಿಸಿಕೊಂಡದ್ದು ಅಂಥದ್ದೇ ಬೆಂಕಿಯ ಪಕ್ಕ. ಇಲ್ಲಿ ಊಟವಾದ ಮೇಲೆ ಮೂರು ಸಲ ಕೇಳುತ್ತಾರೆ, "ನನ್ನನ್ನು ಪ್ರೀತಿಸುತ್ತೀಯಾ?" ಮೂರನೆಯ ಸಲ ಪೇತ್ರನಿಗೆ ದುಃಖವಾಯಿತು ಎಂದು ಬರೆದಿದೆ. ಆಗದೇ ಇರುತ್ತದೆಯೇ? ತಪ್ಪನ್ನು ಮರೆತುಬಿಡುವುದೇ ಬೇರೆ, ಅದೇ ಬೆಂಕಿಯ ಮುಂದೆ ಮತ್ತೆ ಕೂರಿಸಿ ಬಿಡಿಸುವುದೇ ಬೇರೆ.

ಪೇತ್ರನದ್ದಾದರೂ ಹೆದರಿಕೆ. ಪೌಲನದ್ದು ಹಾಗಲ್ಲ. ಯೇಸುವಿನ ಅನುಯಾಯಿ ಸ್ತೇಫನನನ್ನು ಕಲ್ಲೆಸೆದು ಕೊಂದಾಗ ಕಲ್ಲೆಸೆದವರ ಮೇಲುಬಟ್ಟೆ ಕಾಯುತ್ತಾ ನಿಂತಿದ್ದ ಯುವಕ ಅವನು, ಆ ಕೊಲೆಗೆ ಅವನ ಸಮ್ಮತಿ ಇತ್ತು. ಕೊರಿಂಥದವರಿಗೆ ಬರೆದ ಸಾಕ್ಷಿಪಟ್ಟಿಯ ಕೊನೆಯ ಹೆಸರು ಇವನದ್ದೇ: ಎಲ್ಲರಾದ ಮೇಲೆ, ದಿನತುಂಬದೆ ಹುಟ್ಟಿದವನಂಥ ನನಗೂ ಕಾಣಿಸಿಕೊಂಡರು, ನಾನು ದೇವರ ಸಭೆಯನ್ನು ಹಿಂಸಿಸಿದವನು, ಪ್ರೇಷಿತ ಅನ್ನಿಸಿಕೊಳ್ಳಲು ಯೋಗ್ಯನಲ್ಲ. ಪಟ್ಟಿಯಲ್ಲಿ ಸ್ತೇಫನನ ಹೆಸರಿಲ್ಲ. ಅವನ ಮನೆಯವರು ಯಾರಾದರೂ ಆಗ ಬದುಕಿದ್ದು ಈ ಪತ್ರ ಓದಿಸಿ ಕೇಳಿದ್ದರೆ, ಕೊನೆಯ ಹೆಸರು ಬಂದಾಗ ಕೂತಿದ್ದರೋ ಎದ್ದು ಹೋದರೋ ಗೊತ್ತಿಲ್ಲ. ಎದ್ದು ಹೋಗಿದ್ದರೆ ನಾನಂತೂ ಅವರನ್ನು ತಡೆಯುತ್ತಿರಲಿಲ್ಲ.